ತೊಂಬತ್ತೆರಡು ಹುಡುಗರು, ಒಂದು ಸೂಟ್‌ಕೇಸು

ಟಿಕೆಟ್ ಒಂದೇ ಕಡೆಯದು ಎಂಬುದನ್ನು ವಿಜಯಾ ಗಮನಿಸಿದ್ದು ಗುರುವಾರ ಬೆಳಿಗ್ಗೆ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸುವಾಗ. ಶನಿವಾರ, ಆಗಸ್ಟ್ 24, 2013. ಆಕ್ಲೆಂಡ್‌ನಿಂದ ಮಧ್ಯಾಹ್ನ ಒಂದೂ ಕಾಲಿಗೆ ಹೊರಟು ಸಿಂಗಪುರ, ಅಲ್ಲಿಂದ ಬೆಂಗಳೂರು. ಪ್ರಯಾಣಿಕರ ಹೆಸರು ಪೂರ್ವಿ ತಿಪ್ಪೇಸ್ವಾಮಿ. ವಾಪಸಾಗುವ ದಿನಾಂಕ ಇರಬೇಕಾದ ಜಾಗ ಖಾಲಿ ಇತ್ತು.

"ರೀ, ರಿಟರ್ನ್ ಹಾಕ್ಸಿಲ್ವಾ?"

ತಿಪ್ಪೇಸ್ವಾಮಿ ಬಾಗಿಲ ಬಳಿ ಕುಳಿತು ಸೇಫ್ಟಿ ಬೂಟಿನ ಲೇಸು ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಅದನ್ನ ಆಮೇಲೆ ನೋಡಾಣ. ಮೊದ್ಲು ಅಲ್ಲಿ ಎಸ್ಸೆಸ್ಸೆಲ್ಸಿ ಮುಗುಸ್ಲಿ."

"ಎಸ್ಸೆಸ್ಸೆಲ್ಸಿಗೆ ಇನ್ನೂ ಹತ್ರತ್ರ ಎರಡು ವರ್ಷ ಐತೆ."

"ಹೂಂ" ಎಂದು ಎದ್ದು ಹೋದ. ಈಸ್ಟ್ ತಮಾಕಿಯ ಕಾರ್ಖಾನೆಯಲ್ಲಿ ಅವನ ಪಾಳಿ ಏಳಕ್ಕೆ ಶುರು. ಮೌಂಟ್ ರಾಸ್ಕಿಲ್‌ನ ಈ ಬಾಡಿಗೆ ಮನೆಯಿಂದ ಆರೂಕಾಲಿಗೆ ಕಾರು ಹೊರಡಲೇಬೇಕು.

ಹನ್ನೆರಡು ದಿನಗಳ ಹಿಂದೆ, ಆಗಸ್ಟ್ ಹತ್ತರ ಶನಿವಾರ, ಅವರ ಹಿರಿಯ ಮಗಳು, ಹದಿನಾಲ್ಕು ವರ್ಷದ ಪೂರ್ವಿ, ಮಾಲ್‌ನ ಔಷಧಿ ಅಂಗಡಿಯೊಂದರಿಂದ ಎರಡು ಲಿಪ್‌ಗ್ಲಾಸ್ ಮತ್ತು ಒಂದು ಬಾಟಲಿ ನೇಲ್‌ಪಾಲಿಶನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡು ಹೊರಬಂದಿದ್ದಳು. ಬಾಗಿಲಲ್ಲೇ ಕಾವಲಿನವನು ಹಿಡಿದ. ಜೊತೆಗಿದ್ದ ಇಬ್ಬರು ಗೆಳತಿಯರು ಅಷ್ಟರಲ್ಲಿ ಎಸ್ಕಲೇಟರ್ ಇಳಿದಿದ್ದರು. ಅಂಗಡಿಯವರು ಪೊಲೀಸರನ್ನು ಕರೆದರು. ಪೊಲೀಸರು ಹೆಸರು, ವಿಳಾಸ ಬರೆದುಕೊಂಡು ಅವಳನ್ನು ಮನೆಗೆ ತಂದು ಬಿಟ್ಟರು. ಯಾಕೆ ಕದ್ದೆ ಎಂದು ತಾಯಿ ಕೇಳಿದಳು. "ಗೊತ್ತಿಲ್ಲ." ತಂದೆ ಕೇಳಿದ. "ಗೊತ್ತಿಲ್ಲ." ನೇಲ್‌ಪಾಲಿಶ್ ಹಸಿರು ಬಣ್ಣದ್ದು. ಪೂರ್ವಿ ಎಂದೂ ಹಸಿರು ಹಚ್ಚಿಕೊಂಡವಳಲ್ಲ.

ಈ ಸೋಮವಾರ ಒಂದು ಕಾಗದ ಬಂತು. ಮಕ್ಕಳ ಪ್ರಕರಣ ನೋಡಿಕೊಳ್ಳುವ ಪೊಲೀಸ್ ವಿಭಾಗದ್ದು. ಆಗಸ್ಟ್ 27ರ ಮಂಗಳವಾರ ಸಂಜೆ ನಾಲ್ಕಕ್ಕೆ ಕಾನ್‌ಸ್ಟೇಬಲ್ ಲುಪೆ ಎಂಬುವರು ಮನೆಗೆ ಬರುತ್ತಾರೆ, ತಂದೆ ತಾಯಿ ಮತ್ತು ಪೂರ್ವಿ ಮೂವರೂ ಇರಬೇಕು ಎಂದಿತ್ತು. ಕೆಳಗೆ ಫೋನ್ ನಂಬರು. ತಿಪ್ಪೇಸ್ವಾಮಿ ಅದನ್ನು ಮೂರು ಸಲ ಓದಿ, ಆ ನಂಬರಿಗಲ್ಲ, ಗುರುರಾಜನಿಗೆ ಫೋನ್ ಮಾಡಿದ.

ಗುರುರಾಜ ದಾವಣಗೆರೆಯವನು. 2007ರಲ್ಲಿ ಇಬ್ಬರೂ ವಿದ್ಯಾರ್ಥಿಗಳಾಗಿ ಬಂದಾಗ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಈಗ ಅವನಿಗೆ ತಕಾನಿನಿಯಲ್ಲಿ ಸ್ವಂತ ಮನೆಯಿದೆ. ಪರಿಚಯದ ಕನ್ನಡದವರಲ್ಲಿ ಯಾರಿಗೆ ಏನು ತೊಂದರೆಯಾದರೂ ಮೊದಲು ಕೇಳುವುದು ಅವನನ್ನೇ.

"ಇನ್ನೂ ಫೈಲ್ ಓಪನ್ ಆಗಿಲ್ಲ ಕಣಯ್ಯ" ಎಂದ ಗುರುರಾಜ. ಫೋನು ಸ್ಪೀಕರಿನಲ್ಲಿತ್ತು. "ಮಂಗಳ್ವಾರ ಬಂದು ಬರ್ಕೊಂಡ್ರು ಅನ್ನು, ಆಯ್ತು, ಎಫ್‌ಐಆರ್ ಆದಂಗೆ. ನಮ್ಮ ಕಡೆ ಏನ್ ಮಾಡ್ತಾರೆ? ಎಫ್‌ಐಆರ್ ಆಗೋಕ್ ಮುಂಚೆ ಹುಡುಗನ್ನ ಸೋದರಮಾವನ ಮನೆಗೆ ಸಾಗಹಾಕ್ತಾರೆ. ಆಸಾಮಿನೇ ಇಲ್ಲ ಅಂದ್ಮೇಲೆ ಕೇಸ್ ಎಲ್ಲಿಂದ ಹುಟ್ಟುತ್ತೆ?"

"ಇದು ದುರ್ಗದ ಟೌನ್ ಸ್ಟೇಷನ್ ಅಲ್ಲ ಗುರುರಾಜಣ್ಣ" ಎಂದಳು ವಿಜಯಾ.

"ವಿಜಯಮ್ಮ, ಪೊಲೀಸ್ರು ಎಲ್ಲಾ ಕಡೆ ಪೊಲೀಸ್ರೇ. ಇಲ್ಲಿಯೋರು ಬರೋವಾಗ ಹಲೋ, ಹೋಗೋವಾಗ ಥ್ಯಾಂಕ್ಯೂ ಅಂತಾರೆ. ಅಷ್ಟೇ ಡಿಫರೆನ್ಸು."

ವಿಜಯಾಗೆ ನಗು ಬಂತು. ತಿಪ್ಪೇಸ್ವಾಮಿ ನಗಲಿಲ್ಲ. ಆರು ವರ್ಷಗಳಲ್ಲಿ ಅವನು ನಾಲ್ಕು ವೀಸಾ ದಾಟಿ ಬಂದಿದ್ದ. ಹಿಂದಿನ ನವೆಂಬರಿನಲ್ಲಿ ಕುಟುಂಬದ ನಾಲ್ವರಿಗೂ ವಾಸದ ವೀಸಾ ಸಿಕ್ಕಿತ್ತು. ಎರಡು ವರ್ಷ ತುಂಬಿದ ಮೇಲೆ ಕಾಯಂ ವೀಸಾಕ್ಕೆ ಅರ್ಜಿ ಹಾಕಬೇಕು. ಆ ಫಾರಂ ಅನ್ನು ಅವನು ಈಗಲೇ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದ. ನಡತೆಯ ಬಗ್ಗೆ ಕೇಳುವ ಪುಟದಲ್ಲಿ ಪೆನ್ಸಿಲ್ ಗೆರೆಗಳಿದ್ದವು. ಹದಿನಾಲ್ಕು ವರ್ಷದ ಮಗಳ ಕಳ್ಳತನ ಅಪ್ಪನ ಅರ್ಜಿಯನ್ನು ಕೆಡಿಸುತ್ತದೆಯೇ? ಅದಕ್ಕೆ ಉತ್ತರ ಫಾರಂನಲ್ಲಿರಲಿಲ್ಲ. ಇಮಿಗ್ರೇಶನ್ ಕಚೇರಿಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಿದರೆ ಮೊದಲು ಹೆಸರು ಕೇಳುತ್ತಾರೆ ಎಂದು ಅವನು ಮಾಡಲಿಲ್ಲ.

ಮರುದಿನ, ಮಂಗಳವಾರ ಸಂಜೆ, ಟಿಕೆಟ್ ಆಯಿತು. ಚಳ್ಳಕೆರೆಯಲ್ಲಿರುವ ಅಕ್ಕ ಲೀಲಾವತಿಗೆ, "ಇಲ್ಲಿ ಓದು ಹತ್ತುತ್ತಿಲ್ಲ, ಅಲ್ಲೇ ಒಂಬತ್ತನೇ ಕ್ಲಾಸಿಗೆ ಸೇರಿಸಿ" ಎಂದಷ್ಟೇ ಹೇಳಿದ. ಆಮೇಲೆ ಪೂರ್ವಿಯನ್ನು ಕರೆದು ಕೂರಿಸಿಕೊಂಡ.

"ನಿನ್ನನ್ನ ಕ್ಷಮಿಸಿದೀನಿ ಮಗಳೇ. ಬೈಯಲ್ಲ, ಹೊಡಿಯಲ್ಲ. ಅತ್ತೆ ಮನೇಲಿದ್ದು ಓದ್ಕೋ."

"ಓಕೆ ಅಪ್ಪ" ಎಂದಳು ಪೂರ್ವಿ. ಅವಳು ಅಳದಿದ್ದುದು ವಿಜಯಾಗೆ ಭಯ ಹುಟ್ಟಿಸಿತು.

ಗುರುವಾರ ಮಧ್ಯಾಹ್ನ ವಿಜಯಾ ವೃದ್ಧಾಶ್ರಮದ ಕೆಲಸ ಮುಗಿಸಿ, ನಾಲ್ಕು ವರ್ಷದ ಕಿರಿಮಗಳು ಯಾಮಿನಿಯನ್ನು ಶಿಶುವಿಹಾರದಿಂದ ಕರೆದುಕೊಂಡು ಮನೆಗೆ ಬಂದಳು. ಹಜಾರದಲ್ಲಿ ದೊಡ್ಡ ಮರೂನ್ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಪಕ್ಕದ ಕೋಣೆಯ ಕಾರ್ಪೆಟ್ಟಿನ ಮೇಲೆ ಪೂರ್ವಿ ಕಾಗದ ಕತ್ತರಿಸುತ್ತಿದ್ದಳು. ಒಂದೊಂದೂ ಹೆಬ್ಬೆರಳುದ್ದದ ಹುಡುಗ. ಟೋಪಿ, ಎರಡು ಕೈ, ಎರಡು ಕಾಲು. ಕತ್ತರಿಸಿದವನ್ನು ಚಾರ್ಟಿನ ಮೇಲೆ ಬರೆದ ಹಡಗಿನೊಳಗೆ ಸಾಲಾಗಿ ಅಂಟಿಸುತ್ತಿದ್ದಳು.

"ಇದು ಸ್ಕೂಲಿಗೆ ಸೋಮವಾರ ಕೊಡ್ಬೇಕಾದ ಪ್ರಾಜೆಕ್ಟ್ ಅಲ್ವೇನೇ? ನೀನು ಇರಲ್ವಲ್ಲ."

"ನಾಳೆನೇ ಕೊಟ್ಟು ಹೋಗ್ತೀನಿ. ಗ್ರೂಪ್ ಮಾರ್ಕ್ಸ್ ಅಮ್ಮ."

"ಟೀಚರಿಗೆ ಹೇಳಿದ್ಯಾ, ಹೋಗ್ತಿರೋದು?"

"ಅಪ್ಪ ಯಾರಿಗೂ ಹೇಳ್ಬೇಡ ಅಂದ್ರಲ್ಲ."

ಯಾಮಿನಿ ಹಡಗಿನ ಪಕ್ಕ ಬೋರಲು ಮಲಗಿ ಎಣಿಸತೊಡಗಿದಳು. ಹದಿಮೂರರ ನಂತರ ಹದಿನಾರಕ್ಕೆ ಹಾರಿದಳು.

"ಎಷ್ಟು ಜನ ಅಕ್ಕಾ?"

"ನೈಂಟಿಟೂ. ತೊಂಬತ್ತೆರಡು. 1842, ಅಕ್ಟೋಬರ್‌ನಲ್ಲಿ ಆಕ್ಲೆಂಡಿಗೆ ಬಂದ್ರು. ಇಂಗ್ಲೆಂಡಿನ ಮಕ್ಕಳ ಜೈಲಿಂದ. ಮುಂದಿನ ವರ್ಷ ಇನ್ನೊಂದು ಹಡಗಲ್ಲಿ ಮೂವತ್ತೊಂದು."

"ಏನ್ ಮಾಡಿದ್ರು?"

"ಕದ್ದಿದ್ರು. ಜಾಸ್ತಿ ಜನ ಸಣ್ಣಪುಟ್ಟದ್ದು. ಶೂಸ್, ಬಟ್ಟೆ, ಆ ಥರ."

"ಲಿಪ್‌ಗ್ಲಾಸ್?"

"ಯಾಮಿ, ಶಟಪ್."

ವಿಜಯಾ ಬಟ್ಟೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದಳು. ಆಕ್ಲೆಂಡಿಗೆ ಕಳ್ಳ ಹುಡುಗರನ್ನು ತಂದು ಇಳಿಸಿದ್ದರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಂಥವರನ್ನು ಕಳಿಸಿದ್ದು ಆಸ್ಟ್ರೇಲಿಯಾಕ್ಕೆ ಎಂದುಕೊಂಡಿದ್ದಳು.

"ಅವರಪ್ಪ ಅಮ್ಮ ಜೊತೇಲಿ ಬರ್ಲಿಲ್ವಾ?"

"ಇಲ್ಲ."

"ಶಿಕ್ಷೆ ಮುಗಿದ್ಮೇಲೆ ವಾಪಸ್ ಹೋದ್ರಾ?"

"ಅದೇ ಅಮ್ಮ, ವಿಯರ್ಡ್. ಶಿಕ್ಷೆ ಅಲ್ವಂತೆ. ಹಡಗು ಹತ್ತಿಸೋ ಮುಂಚೆ ಪಾರ್ಡನ್ ಕೊಟ್ಟಿದ್ರು. ಕ್ಷಮಿಸಿಬಿಟ್ಟಿದ್ರು." ಪೂರ್ವಿ ಕತ್ತರಿಯನ್ನು ಒಬ್ಬ ಹುಡುಗನ ಕಾಲುಗಳ ನಡುವೆ ಎಚ್ಚರದಿಂದ ತಿರುಗಿಸಿದಳು. "ಬಟ್ ಕಂಡಿಷನ್ ಇತ್ತು. ಶಿಕ್ಷೆಯ ವರ್ಷಗಳು ಮುಗಿಯೋವರೆಗೂ ವಾಪಸ್ ಬರೋ ಹಾಗಿಲ್ಲ. ಆಮೇಲೆ ಬರಬಹುದು. ಆಮೇಲೆ ಯಾರು ಟಿಕೆಟ್ ಕೊಡ್ತಾರೆ?"

ಕಂಡಿಷನ್ ಎಂಬ ಮಾತು ವಿಜಯಾಳ ತಲೆಯಲ್ಲಿ ನಿಂತುಬಿಟ್ಟಿತು. ವೀಸಾ ಬಂದ ದಿನ ಗುರುರಾಜ ಅದೇ ಪದ ಬಳಸಿದ್ದ. ಅವಳು ಮಲಗುವ ಕೋಣೆಗೆ ಹೋಗಿ, ಬೀರುವಿನಿಂದ ಫೈಲು ತೆಗೆದು, ಪೂರ್ವಿಯ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ವೀಸಾ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ವಾಸಕ್ಕೆ ಕೊನೆಯ ದಿನವಿಲ್ಲ. ಪ್ರಯಾಣಕ್ಕೆ ಇದೆ. 16 ನವೆಂಬರ್ 2014. ಅದರೊಳಗೆ ಎಷ್ಟು ಸಲ ಹೊರಗೆ ಹೋದರೂ ಬರಬಹುದು. ಆ ದಿನ ದೇಶದ ಹೊರಗಿದ್ದರೆ ಈ ವೀಸಾ ಹಿಡಿದು ಒಳಗೆ ಬರಲಾಗುವುದಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ 2015ರ ಏಪ್ರಿಲ್‌ನಲ್ಲಿ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಐದು ತಿಂಗಳು ತಡ.

ಗಂಡನಿಗೆ ಇದು ಕಣ್ತಪ್ಪಿರಬೇಕು ಎಂದುಕೊಂಡಳು. ಹಾಗೆಂದುಕೊಂಡು ಸ್ವಲ್ಪ ಸಮಾಧಾನವೂ ಆಯಿತು. ತೋರಿಸಿದರೆ ಟಿಕೆಟ್ ರದ್ದು ಮಾಡುತ್ತಾನೆ.

ಅವನು ಬಂದದ್ದು ಆರು ಗಂಟೆಗೆ. ಕೈ ತೊಳೆದು ಅಡುಗೆಮನೆಗೆ ಬಂದವನ ಮುಂದೆ ವಿಜಯಾ ಪಾಸ್‌ಪೋರ್ಟ್ ಹಿಡಿದಳು. "ಇಲ್ಲಿ ನೋಡ್ರಿ. ಮುಂದಿನ ನವೆಂಬರಿಗೆ ಮುಗಿಯುತ್ತೆ."

"ಗೊತ್ತೈತೆ" ಎಂದ ಅವನು.

ಕುಕ್ಕರ್ ಒಂದು ಸಲ ಕೂಗಿತು. ವಿಜಯಾ ಗ್ಯಾಸ್ ಆರಿಸಿದಳು.

"ಗೊತ್ತಿದ್ದೂ?"

"ಅರ್ಜಿ ಮೂರು ಜನದ್ದು ಹಾಕಾಣ. ಅವಳ ಹೆಸರು ಇರದು ಬ್ಯಾಡ. ಅವಳ ಹೆಸರಿದ್ರೆ ಅಲ್ವಾ ಅವರು ಕಂಪ್ಯೂಟರ್‌ನಾಗೆ ಹುಡ್ಕೋದು?"

"ನಾಕನೇದು ಏನಾಗ್ಬೇಕು?"

"ಸಾಯಾಕೆ ಕಳಿಸ್ತಿದೀನಾ? ನಮ್ಮಕ್ಕನ ಮನೆ ಅದು. ಊಟ ಹಾಕ್ತಾಳೆ, ಓದುಸ್ತಾಳೆ." ನೀರಿನ ಲೋಟ ಎತ್ತಿಕೊಂಡ, ಕುಡಿಯಲಿಲ್ಲ. ಅದನ್ನು ಕಟ್ಟೆಯ ಮೇಲಿಟ್ಟ. "ನಾಕು ಸಲ ವೀಸಾದ ಕವರ್ ಬಂದೈತೆ ಈ ಮನೆಗೆ, ವಿಜಿ. ನಾಕು ಸಲವೂ ಒಡೆಯೋ ಮುಂಚೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದೀನಿ. ನಿನಗೆ ಹೇಳಿಲ್ಲ. ಐದನೇದು ಬ್ಯಾಡ ಅಂತ ಬಂದ್ರೆ ನಾಕೂ ಜನ ಹೋಗ್ಬೇಕು. ಯಾಮಿನಿ ಹುಟ್ಟಿದ್ದೇ ಇಲ್ಲಿ."

ಅವನಿಗೆ ಆ ಭಯ ನಿಜ ಎಂದು ವಿಜಯಾಗೆ ಗೊತ್ತಿತ್ತು. ಅವಳಿಗೂ ಇತ್ತು. ಅವಳು ಅವನ ಕೆಲಸದ ಮಾತೆತ್ತಿದಳು. ಹಾಲಿನ ಬಾಟಲಿಗಳ ಮುಚ್ಚಳ ಪರೀಕ್ಷಿಸುವುದು ಅವನ ಕೆಲಸ.

"ನಿಮ್ಮಲ್ಲಿ ಒಂದು ಮುಚ್ಚಳದ ಮೇಲೆ ಅನುಮಾನ ಬಂದ್ರೆ ಏನ್ ಮಾಡ್ತೀರಾ?"

"ಈಗ ಅದ್ಯಾಕೆ?"

"ಹೇಳ್ರಿ."

"ಹಳದಿ ಚೀಟಿ ಅಂಟಿಸಿ, ಬ್ಯಾರೆ ತೆಗೆದು ಹೋಲ್ಡ್‌ನಾಗೆ ಇಡ್ತೀವಿ."

"ಎಸೆಯಲ್ವಾ?"

"ಟೆಸ್ಟ್ ಮಾಡ್ದೆ ಹೆಂಗೆ ಎಸಿಯಾಕೆ..." ಅಲ್ಲಿಗೆ ನಿಲ್ಲಿಸಿದ. ಮುಖ ಕೆಂಪಾಯಿತು. "ಮುಚ್ಚಳನೂ ಮಗಳೂ ಒಂದೇ ಏನೇ ನಿನಗೆ?" ಎಂದು ಹೊರಗೆ ಹೋದ.

ಪಕ್ಕದ ಕೋಣೆಯಲ್ಲಿ ಕತ್ತರಿಯ ಸದ್ದು ನಿಂತು ಎಷ್ಟೋ ಹೊತ್ತಾಗಿದೆ ಎಂಬುದು ಆಗ ವಿಜಯಾಳ ಅರಿವಿಗೆ ಬಂತು.

ಶುಕ್ರವಾರ ಹನ್ನೆರಡೂವರೆಗೆ, ಊಟದ ಬಿಡುವಿನಲ್ಲಿ, ಅವಳು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಕೈ ಒರೆಸುವ ಕಾಗದದ ಮೇಲೆ ಬರೆದುಕೊಂಡಿದ್ದಳು. ಪೊಲೀಸ್ ಕಾಗದದ ಮೇಲಿನ ನಂಬರು ಒತ್ತಿದಳು. ಎರಡನೇ ರಿಂಗಿಗೇ ಒಬ್ಬ ಹೆಂಗಸು ಎತ್ತಿದಳು. ಲುಪೆಯೇ.

"ಮಂಗಳವಾರ ಬೇಡ. ಶನಿವಾರಕ್ಕೆ ಮೊದಲು ಬರೋಕಾಗುತ್ತಾ?" ಎಂದಳು ವಿಜಯಾ.

"ಶನಿವಾರ ಏನಿದೆ?"

ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬರೆದಿರಲಿಲ್ಲ. "ಮನೆಯ ಕಾರ್ಯಕ್ರಮ" ಎಂದಳು.

ಅತ್ತ ಪುಟ ಮಗುಚುವ ಸದ್ದು. "ಇವತ್ತು ಮೂರೂವರೆಗೆ ಬರಬಲ್ಲೆ. ಆದರೆ ಪೂರ್ವಿ ಇರಲೇಬೇಕು. ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡದೆ ಈ ಫೈಲ್ ಮುಚ್ಚಲು ನನಗೆ ಆಗುವುದಿಲ್ಲ."

"ಫೈಲ್... ಓಪನ್ ಆಗಿದೆಯಾ?"

"ಹತ್ತನೇ ತಾರೀಖಿನಿಂದ."

ಡ್ರೈಯರ್ ಗಡಗಡ ತಿರುಗುತ್ತಿತ್ತು. ಹಾಗಾದರೆ ಗುರುರಾಜ ಹೇಳಿದ್ದು ಸುಳ್ಳು. ತಡೆಯಬೇಕೆಂದು ಹೊರಟದ್ದು ಹದಿಮೂರು ದಿನಗಳ ಹಿಂದೆಯೇ ಆಗಿಹೋಗಿದೆ. ಪೂರ್ವಿ ಇಲ್ಲದಿದ್ದರೆ ಅದು ಮುಚ್ಚುವುದೇ ಇಲ್ಲ.

"ಅವಳು ಇಲ್ಲದಿದ್ದರೆ?" ಎಂದು ಕೇಳಿಬಿಟ್ಟಳು.

"ಯಾಕೆ, ಇರುವುದಿಲ್ಲವೇ?"

"ಇರ್ತಾಳೆ" ಎಂದಳು ವಿಜಯಾ. "ಮೂರೂವರೆ. ಇರ್ತಾಳೆ."

ಶುಕ್ರವಾರ ತಿಪ್ಪೇಸ್ವಾಮಿಯ ಪಾಳಿ ಮೂರಕ್ಕೆ ಮುಗಿಯುತ್ತದೆ. ಮನೆ ಸೇರುವಾಗ ನಾಲ್ಕಕ್ಕೆ ಹತ್ತು ನಿಮಿಷ. ಅವನಿಗೆ ಮೆಸೇಜ್ ಬರೆದು ಎರಡು ಸಲ ಅಳಿಸಿದಳು. ಮುಂಚೆ ತಿಳಿದರೆ ಪೂರ್ವಿಯನ್ನು ಶಾಲೆಯ ಬಾಗಿಲಿನಿಂದಲೇ ಕಾರಿಗೆ ಹತ್ತಿಸಿಕೊಂಡು ತಕಾನಿನಿಯ ಗುರುರಾಜನ ಮನೆಗೆ ಹೋದಾನು.

ಪೂರ್ವಿ ದಿನವೂ ಮೂರೂ ಇಪ್ಪತ್ತಕ್ಕೆ ಮನೆಯಲ್ಲಿರುತ್ತಾಳೆ. ಆ ದಿನ ಮೂರೂ ಇಪ್ಪತ್ತಕ್ಕೆ ಬರಲಿಲ್ಲ. ಮೂರೂ ಇಪ್ಪತ್ತೈದಕ್ಕೆ ವಿಜಯಾ ಗೇಟಿನ ತನಕ ಹೋಗಿ ಬಂದಳು. ಫೋನ್ ಮಾಡಿದಳು, ಪೂರ್ವಿಯ ಫೋನು ಸೂಟ್‌ಕೇಸಿನ ಮೇಲಿನ ಜೇಬಿನಲ್ಲಿ ಗುಂಯ್‌ಗುಟ್ಟಿತು. ಹಿಂದಿನ ಸಂಜೆ ನಿಂತುಹೋದ ಕತ್ತರಿಯ ಸದ್ದು ನೆನಪಾಯಿತು. ಎಲ್ಲವನ್ನೂ ಕೇಳಿಸಿಕೊಂಡ ಹುಡುಗಿ, ಫೋನ್ ಬಿಟ್ಟು ಹೋಗಿದ್ದಾಳೆ.

ಮೂರೂವರೆಗೆ ಸರಿಯಾಗಿ ಪೊಲೀಸ್ ಕಾರು ಮನೆಯ ಮುಂದೆ ನಿಂತಿತು. ಎತ್ತರದ, ಭಾರಿ ಮೈಕಟ್ಟಿನ, ಸಮೋವಾ ಮೂಲದ ಹೆಂಗಸು ಇಳಿದಳು. ಬಾಗಿಲ ಹೊರಗಿನ ಚಪ್ಪಲಿಗಳ ಸಾಲು ನೋಡಿ, ಕೇಳದೆಯೇ ಬಗ್ಗಿ ಬೂಟು ಬಿಚ್ಚಿದಳು. ಅವಳ ಒಂದು ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು.

"ಪೂರ್ವಿ?"

"ಬರ್ತಾಳೆ" ಎಂದಳು ವಿಜಯಾ. "ಎರಡು ನಿಮಿಷ."

ಯಾಮಿನಿ ಅಕ್ಕನ ಕುರ್ಚಿಯ ಹಿಂದಿನಿಂದ ಇಂಗ್ಲಿಷಿನಲ್ಲಿ ಕೇಳಿದಳು: "ನೀವೇನಾ ಎಫ್‌ಐಆರ್?"

"ನಾನು ಲುಪೆ" ಎಂದಳು ಅವಳು. "ಎಫ್‌ಐಆರ್ ಯಾರು? ನಿನ್ನ ಗೆಳೆಯನೇ?"

ವಿಜಯಾ ಚಹಾ ಇಡುತ್ತೇನೆಂದು ಅಡುಗೆಮನೆಗೆ ಹೋಗಿ ಖಾಲಿ ಪಾತ್ರೆಯನ್ನೇ ಒಲೆಯ ಮೇಲಿಟ್ಟಳು. ಗಡಿಯಾರ ಮೂರೂ ಮೂವತ್ತಾರು. ಮೂವತ್ತೆಂಟು. ಗೇಟಿನ ಕೀಲು ಕಿರುಗುಟ್ಟಿತು. ಕಿಟಕಿಯಿಂದ ನೋಡಿದಳು. ಪೂರ್ವಿ ಗೇಟಿನಲ್ಲಿ ನಿಂತು ಪೊಲೀಸ್ ಕಾರನ್ನು ನೋಡುತ್ತಿದ್ದಳು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ವಿಜಯಾ ಕೂಗಲಿಲ್ಲ, ಕೂಗಿದರೆ ಓಡುತ್ತಾಳೆ ಎನ್ನಿಸಿತು. ಕಿಟಕಿಯ ಗಾಜಿಗೆ ಕೈ ಒತ್ತಿ ನಿಂತಳು ಅಷ್ಟೇ. ಪೂರ್ವಿ ಆ ಕೈ ನೋಡಿದಳು. ಒಳಗೆ ಬಂದಳು.

"ಎಲ್ಲಿ ಹೋಗಿದ್ದೆ?"

"ಲೈಬ್ರರಿ ಬುಕ್ ವಾಪಸ್ ಕೊಡೋದಿತ್ತು. ಆಮೇಲೆ ಅದಕ್ಕೂ ಕಳ್ಳಿ ಅಂತಾರೆ."

ಲುಪೆ ಪೂರ್ವಿಯ ಎದುರು ಕುರ್ಚಿ ಎಳೆದುಕೊಂಡಳು. ಆ ದಿನ ಏನಾಯಿತು, ಮೊದಲಿನಿಂದ ಹೇಳು ಎಂದಳು. ತಂದೆ ತಾಯಿಗೆ ಹದಿಮೂರು ದಿನ "ಗೊತ್ತಿಲ್ಲ" ಎಂದಿದ್ದ ಹುಡುಗಿ ಹೇಳಿದಳು. ಜೊತೆಯವರಿಬ್ಬರೂ ಒಂದೊಂದು ತೆಗೆದುಕೊಂಡರು. ಯಾರೂ ನೋಡಲಿಲ್ಲ. ಮೂರನೆಯ ಸರದಿ ನನ್ನದು. ಕೈಗೆ ಸಿಕ್ಕಿದ್ದು ತೆಗೆದುಕೊಂಡೆ, ಬಣ್ಣ ನೋಡಲಿಲ್ಲ.

"ಅವರ ಹೆಸರು ಹೇಳಲ್ಲ" ಎಂದು ಸೇರಿಸಿದಳು.

"ನಾನು ಕೇಳಲಿಲ್ಲ" ಎಂದಳು ಲುಪೆ.

ಆಗಲೇ ಕಿಟಕಿಯಾಚೆ ತಮ್ಮ ಬೆಳ್ಳಿ ಬಣ್ಣದ ಕಾರು ಹೋಗುವುದು ವಿಜಯಾಗೆ ಕಂಡಿತು. ಗೇಟಿನ ಬಳಿ ನಿಧಾನವಾಯಿತು. ನಿಲ್ಲಲಿಲ್ಲ. ರಸ್ತೆಯ ಕೊನೆಯಲ್ಲಿ ತಿರುಗಿ ಮರೆಯಾಯಿತು. ಐದು ನಿಮಿಷದ ನಂತರ ಮತ್ತೆ ಬಂತು, ಮತ್ತೆ ಹೋಯಿತು. ಪೂರ್ವಿಯೂ ನೋಡಿದಳು. ಲುಪೆ ಬರೆಯುತ್ತಲೇ ಇದ್ದಳು.

"ನಿಮ್ಮ ಯಜಮಾನರೇ?" ಎಂದಳು ತಲೆ ಎತ್ತದೆ.

"ಹೌದು."

"ಕಾಯೋಣ. ಅವರ ಒಪ್ಪಿಗೆಯೂ ಬೇಕು."

ಮೂರನೆಯ ಸಲ ಕಾರು ನಿಂತಿತು. ತಿಪ್ಪೇಸ್ವಾಮಿ ಕಾರ್ಖಾನೆಯ ಜಾಕೆಟ್ಟಿನಲ್ಲೇ ಒಳಗೆ ಬಂದ. ಹೊರಗೆ ಚಪ್ಪಲಿಗಳ ಸಾಲಿನಲ್ಲಿ ಪೊಲೀಸ್ ಬೂಟುಗಳ ಪಕ್ಕ ತನ್ನ ಬೂಟು ಬಿಟ್ಟು ಬಂದಿದ್ದ. ವಿಜಯಾಳ ಕಡೆ ಒಂದು ಸಲ ನೋಡಿದ. ಕರೆದವಳು ಯಾರೆಂದು ಅವನಿಗೆ ತಿಳಿಯಿತು. ಅವಳು ಕಣ್ಣು ತಗ್ಗಿಸಲಿಲ್ಲ.

ಲುಪೆ ಹಜಾರದತ್ತ ಪೆನ್ನು ತೋರಿಸಿದಳು. "ದೊಡ್ಡ ಸೂಟ್‌ಕೇಸು. ಯಾರು ಹೊರಟಿದ್ದೀರಿ?"

ತಿಪ್ಪೇಸ್ವಾಮಿ ಬಾಯಿ ತೆರೆದ. ಅವನು ಸುಳ್ಳು ಹೇಳಿದರೆ ತಾನು ಏನು ಮಾಡಬೇಕು ಎಂದು ವಿಜಯಾ ಇನ್ನೂ ತೀರ್ಮಾನಿಸಿರಲಿಲ್ಲ. ಅಷ್ಟರಲ್ಲಿ ಪೂರ್ವಿ ಹೇಳಿದಳು, ಇಂಗ್ಲಿಷಿನಲ್ಲಿ, ಶಾಲೆಯಲ್ಲಿ ವರದಿ ಓದುವ ದನಿಯಲ್ಲಿ:

"ನಾನು. ನಾಳೆ. ಇಂಡಿಯಾಕ್ಕೆ. ನನ್ನ ವೀಸಾ ಮುಂದಿನ ನವೆಂಬರಿಗೆ ಮುಗಿಯುತ್ತದೆ. ಆಮೇಲೆ ಬರಲು ಆಗುವುದಿಲ್ಲ. ಅಪ್ಪ ನನ್ನನ್ನು ಕ್ಷಮಿಸಿದ್ದಾರೆ."

ಲುಪೆ ಪೆನ್ನು ಕೆಳಗಿಟ್ಟಳು. ತಿಪ್ಪೇಸ್ವಾಮಿಯನ್ನು ನೋಡಿ ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು. ನಿಮ್ಮ ಕುಟುಂಬ ಎಲ್ಲಿಗೆ ಪ್ರಯಾಣ ಮಾಡಬೇಕು ಎಂಬುದನ್ನು ನಾನು ತಡೆಯಲಾರೆ. ನಾನು ಇಮಿಗ್ರೇಶನ್ ಅಲ್ಲ, ಅವರ ಪರವಾಗಿ ಮಾತು ಕೊಡಲಾರೆ. ನನ್ನ ಕೈಯಲ್ಲಿರುವುದು ಇಷ್ಟು: ಪೂರ್ವಿ ಅಂಗಡಿಗೆ ಹೋಗಿ ಕ್ಷಮೆ ಕೇಳಬೇಕು, ಆರು ವಾರದಲ್ಲಿ ಹದಿನೈದು ಗಂಟೆ, ಬಡವರಿಗೆ ದಿನಸಿ ಹಂಚುವ ಇಲ್ಲಿನ ಆಹಾರ ಬ್ಯಾಂಕಿನಲ್ಲಿ ಕೆಲಸ ಮಾಡಬೇಕು. ಮುಗಿಸಿದರೆ ಕೋರ್ಟಿಲ್ಲ, ಶಿಕ್ಷೆಯಿಲ್ಲ, ಫೈಲ್ ಮುಚ್ಚುತ್ತೇನೆ. ಅವಳು ಇಲ್ಲಿಲ್ಲದಿದ್ದರೆ ಮುಚ್ಚಲಾರೆ.

"ಮುಚ್ಚದಿದ್ದರೆ?" ಎಂದ ತಿಪ್ಪೇಸ್ವಾಮಿ. "ಅದು... ಹೋಲ್ಡ್?"

"ಹೌದು. ಹೋಲ್ಡ್ ಎಂದುಕೊಳ್ಳಿ. ಯಾರಾದರೂ ಬಂದು ನೋಡುವವರೆಗೂ ಹಾಗೇ ಇರುತ್ತದೆ."

ಅವನು ಕುಳಿತು ಕಾರ್ಪೆಟ್ಟಿನತ್ತ ಬಗ್ಗಿದ. ಅಲ್ಲೊಬ್ಬ ಕಾಗದದ ಹುಡುಗ ಬಿದ್ದಿದ್ದ. ಕತ್ತರಿಸುವಾಗ ಕಾಲು ಹರಿದುಹೋಗಿತ್ತೆಂದು ಪೂರ್ವಿ ಅವನನ್ನು ಹಡಗಿಗೆ ಹತ್ತಿಸಿರಲಿಲ್ಲ. ತಿಪ್ಪೇಸ್ವಾಮಿ ಅದನ್ನು ಎತ್ತಿ, ಏನೆಂದು ತಿಳಿಯದೆ, ಮೇಜಿನ ಮೇಲಿಟ್ಟ. ಆಮೇಲೆ ಸಹಿ ಹಾಕಲು ಪೆನ್ನಿಗಾಗಿ ಕೈಚಾಚಿದ.

ಶನಿವಾರ ಮಧ್ಯಾಹ್ನ ಒಂದೂ ಕಾಲಿಗೆ ಅವನು ಮಾಲ್‌ನ ಔಷಧಿ ಅಂಗಡಿಯ ಹೊರಗೆ ನಿಂತಿದ್ದ. ಗಾಜಿನ ಆಚೆ ಪೂರ್ವಿ ಒಂದು ಹಾಳೆ ಹಿಡಿದು ಮ್ಯಾನೇಜರ್ ಎದುರು ಓದುತ್ತಿದ್ದಳು. ಏನು ಓದುತ್ತಿದ್ದಾಳೆಂದು ಅವನಿಗೆ ಕೇಳಿಸುತ್ತಿರಲಿಲ್ಲ. ಕಾವಲಿನವನು ಬಂದು, ಏನಾದರೂ ಸಹಾಯ ಬೇಕೇ ಎಂದು ಕೇಳಿದ. ಬೇಡ, ಅವಳು ನನ್ನ ಮಗಳು ಎಂದ ತಿಪ್ಪೇಸ್ವಾಮಿ. ಗುರುರಾಜನ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಫೈಲ್ ಮುಚ್ಚಿದ ಕಾಗದ ಬಂದದ್ದು ಅಕ್ಟೋಬರ್ ಹನ್ನೊಂದರ ಶುಕ್ರವಾರ. ಕವರನ್ನು ಒಡೆಯುವ ಮುಂಚೆ ತಿಪ್ಪೇಸ್ವಾಮಿ ಬಚ್ಚಲಿಗೆ ಹೋದ. ಈ ಸಲ ವಿಜಯಾ ಬಾಗಿಲ ಹೊರಗೆ ನೀರಿನ ಲೋಟ ಹಿಡಿದು ನಿಂತಿದ್ದಳು. ಮೂರು ಸಾಲಿನ ಕಾಗದ. ಅವನು ಅದನ್ನು ಓದಿ, ಬೀರುವಿನ ಫೈಲಿನಲ್ಲಿ ಪೆನ್ಸಿಲ್ ಗೆರೆಗಳಿದ್ದ ಫಾರಂನ ಹಿಂದೆ ಇಟ್ಟ. ಇಮಿಗ್ರೇಶನ್‌ನವರು ಇದನ್ನು ಹೇಗೆ ನೋಡುತ್ತಾರೆ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಫಾರಂನ ಮೇಲ್ಭಾಗದಲ್ಲಿ ಅರ್ಜಿದಾರರ ಸಂಖ್ಯೆಯ ಜಾಗದಲ್ಲಿ ಮೂರು ಎಂದು ಬರೆದಿದ್ದುದನ್ನು ರಬ್ಬರಿನಿಂದ ಅಳಿಸಿ ನಾಲ್ಕು ಎಂದು ಬರೆದ.

ವಿಜಯಾ ಪೂರ್ವಿಯ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಮರೂನ್ ಸೂಟ್‌ಕೇಸನ್ನು ಎಳೆದಳು. ಅದು ಭಾರವಾಗಿತ್ತು. ಏಳು ವಾರಗಳಿಂದ ಪೂರ್ವಿ ದಿನವೂ ಅದರಿಂದಲೇ ಬಟ್ಟೆ ತೆಗೆದು ಹಾಕಿಕೊಂಡು, ಒಗೆದು ಒಣಗಿದ ಮೇಲೆ ಮಡಚಿ ಅದರೊಳಗೇ ಇಡುತ್ತಿದ್ದಳು. ಬೀರುವಿನ ಅವಳ ಖಾನೆ ಖಾಲಿಯಾಗಿಯೇ ಇತ್ತು.

"ಕಾಗದ ಬಂತು ಕಣೇ. ಫೈಲ್ ಮುಚ್ಚಿದಾರೆ. ತೆಗೆದು ಜೋಡಿಸ್ಲಾ?"

ಪೂರ್ವಿ ಹೋಮ್‌ವರ್ಕ್ ಮಾಡುತ್ತಿದ್ದಳು. ಬಾಗಿಲಲ್ಲಿ ಅಪ್ಪ ನಿಂತಿರುವುದನ್ನು ಒಮ್ಮೆ ನೋಡಿ ಮತ್ತೆ ಪುಸ್ತಕಕ್ಕೆ ತಿರುಗಿದಳು.

"ಇರ್ಲಿ ಬಿಡಮ್ಮ" ಎಂದಳು. "ಮುಂದಿನ ನವೆಂಬರ್ ಬರ್ಲಿ."